ಕಾಲು ಸುತ್ತು ತಿರುಗಿಸಿ ಬಿಟ್ಟು ನೋಡು

ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಅಕ್ಕನ ಕೋಪಕ್ಕೆ ಅಲ್ಲಿಯವರೆಗೆ ಬರುವಷ್ಟು ತಾಳ್ಮೆಯೂ ಇರಲಿಲ್ಲ, ಕಿವಿಯಲ್ಲೇ ಶುರುವಾಗುತ್ತಿತ್ತು. ಮೊದಲು ಬಲಗಿವಿ ಕೆಂಪಾಗುತ್ತಿತ್ತು, ಆಮೇಲೆ ಎಡಗಿವಿ. ಎರಡೂ ಕೆಂಪಾದವೆಂದರೆ ಎದುರಿಗಿದ್ದವರು ಯಾರೇ ಆಗಲಿ, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ಕ್ಷೇಮ. ಬೀದಿಯವರು ಎದುರಿಗೆ ಅವಳನ್ನು ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಸಿಡಿಮಿಡಿ’ ಎನ್ನುತ್ತಿದ್ದರು. ಎರಡನೆಯ ಹೆಸರು ಅವಳಿಗೆ ಗೊತ್ತಿಲ್ಲ ಎಂದು ಎಲ್ಲರೂ ನಂಬಿದ್ದರು. ಅವಳಿಗೆ ಗೊತ್ತಿತ್ತು, ಆದರೆ ಆ ಹೆಸರಿಟ್ಟವರು ಯಾರೆಂದು ಪತ್ತೆಯಾಗದೆ ಸುಮ್ಮನಿದ್ದಳು.

ಅವಳದೊಂದು ಸೈಕಲ್ ರಿಪೇರಿ ಅಂಗಡಿ. ಒಂದೇ ಷಟರು, ಒಳಗೆ ಉದ್ದಕ್ಕೆ ಏಳು ಹೆಜ್ಜೆ, ಅಗಲಕ್ಕೆ ನಾಲ್ಕು. ಗೋಡೆ ತುಂಬ ಮೊಳೆ, ಮೊಳೆ ತುಂಬ ಚಕ್ರ. ಪಂಕ್ಚರ್ ಹಾಕುವುದು, ಚೈನು ಬದಲಿಸುವುದು ಇವೆಲ್ಲ ಯಾರಿಗಾದರೂ ಬರುತ್ತದೆ, ಅದಕ್ಕಾಗಿ ಅಕ್ಕನ ಬೈಗುಳ ತಿನ್ನಲು ಯಾರೂ ಅಷ್ಟು ದೂರದಿಂದ ಬರುವುದಿಲ್ಲ. ಆದರೆ ಬೆಂಡಾದ ಚಕ್ರವನ್ನು ನೆಟ್ಟಗೆ ಮಾಡುವುದರಲ್ಲಿ ಅವಳನ್ನು ಸರಿಗಟ್ಟುವವರು ಊರಿನಲ್ಲಿ ಇರಲಿಲ್ಲ. ಹೊಳೆಯಾಚೆಯ ಬಡಾವಣೆಗಳಿಂದಲೂ ಜನ ಚಕ್ರವನ್ನು ಹೆಗಲಿಗೆ ನೇತುಹಾಕಿಕೊಂಡು ಬರುತ್ತಿದ್ದರು, ಬೈಸಿಕೊಂಡು, ಚಕ್ರ ನೆಟ್ಟಗೆ ಮಾಡಿಸಿಕೊಂಡು, ಸಂತೋಷವಾಗಿ ಹೋಗುತ್ತಿದ್ದರು.

ಈ ಕೆಲಸವನ್ನು ಅವಳಿಗೆ ಕಲಿಸಿದವನು ಸೋದರಮಾವ. ಅಂಗಡಿಯೂ ಮೊದಲು ಅವನದೇ. ಸೈಕಲ್ಲಿನ ಚಕ್ರಕ್ಕೆ ಮೂವತ್ತಾರು ಕಡ್ಡಿ. ಅರ್ಧ ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆಯುತ್ತವೆ, ಅರ್ಧ ಬಲಕ್ಕೆ. ಎರಡೂ ಕಡೆಯವರು ಸಮನಾಗಿ ಎಳೆದಾಡುತ್ತಿರುವುದರಿಂದಲೇ ರಿಮ್ಮು ನಡುವೆ ನೆಟ್ಟಗೆ ನಿಂತಿರುತ್ತದೆ. ಚಕ್ರ ಎಡಕ್ಕೆ ವಾಲಿದರೆ ಆ ಜಾಗದಲ್ಲಿ ಬಲಗಡೆಯ ಕಡ್ಡಿಯನ್ನು ಒಂಚೂರು ಬಿಗಿ ಮಾಡಬೇಕು, ಎಡಗಡೆಯದನ್ನು ಒಂಚೂರು ಸಡಿಲಿಸಬೇಕು. ಅದೂ ಎಷ್ಟು? ಕಾಲು ಸುತ್ತು ಮಾತ್ರ. ತಿರುಗಿಸಿದ ಮೇಲೆ ಕೈ ತೆಗೆದು, ಚಕ್ರವನ್ನು ತಿರುಗಲು ಬಿಟ್ಟು, ಏನಾಗಿದೆ ಎಂದು ನೋಡಬೇಕು. ನೋಡಿ ಆದ ಮೇಲೆ ಮುಂದಿನ ಕಾಲು ಸುತ್ತು. ಮಾವನಿಗೆ ಮಾತು ಕಡಿಮೆ. ಆರು ವರ್ಷದ ಪಾಠದಲ್ಲಿ ಅವನು ಅತಿ ಹೆಚ್ಚು ಸಲ ಹೇಳಿದ್ದು ಒಂದೇ ವಾಕ್ಯ, “ಕಾಲು ಸುತ್ತು ತಿರುಗ್ಸು, ಬಿಟ್ಟು ನೋಡು.”

ವಿಚಿತ್ರವೆಂದರೆ, ಬಾಯಿಯಲ್ಲಿ ಎಳ್ಳಷ್ಟೂ ತಾಳ್ಮೆಯಿಲ್ಲದ ಅಕ್ಕನಿಗೆ ಚಕ್ರದ ಮುಂದೆ ಎಲ್ಲಿಲ್ಲದ ತಾಳ್ಮೆ ಬರುತ್ತಿತ್ತು. ಗಿರಾಕಿಯನ್ನು ಹಿಗ್ಗಾಮುಗ್ಗಾ ಬೈಯುತ್ತಲೇ ಇದ್ದರೂ ಕೈ ಮಾತ್ರ ಕಾಲು ಸುತ್ತು ತಿರುಗಿಸಿ ನಿಲ್ಲುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆಯಿತು. ಒಂದೇ ಒಂದು ದಿನ ಮಾತ್ರ ಬಾಯಿಯ ಬುದ್ಧಿ ಕೈಗೂ ಇಳಿಯಿತು, ನಾನು ಹೇಳಹೊರಟಿರುವುದು ಆ ದಿನದ ಕಥೆ ಮತ್ತು ಅದರ ಬಾಲ.

ಅಕ್ಕನ ಗಂಡ ನಗರದ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು. ಸಾಧುಪ್ರಾಣಿ. ಅಕ್ಕ ಎಷ್ಟು ಕುದಿಯುತ್ತಿದ್ದಳೋ ಇವನು ಅಷ್ಟೇ ತಣ್ಣಗಿರುತ್ತಿದ್ದ. ಮನೆಗೆ ಬೆಂಕಿ ಬಿದ್ದರೂ ಮೊದಲು ಬಾಗಿಲಿಗೂ ಬಾವಿಗೂ ಇರುವ ದೂರ ಅಳೆಯುತ್ತಾನೆ ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಅವನು ಅದಕ್ಕೂ ಬೇಸರಪಟ್ಟುಕೊಳ್ಳದೆ, ಮನೆಯಲ್ಲಿ ಬಾವಿ ಇಲ್ಲವಲ್ಲ ಎನ್ನುತ್ತಿದ್ದ.

ಇಬ್ಬರಿಗೂ ಒಬ್ಬಳೇ ಮಗಳು. ಅಂಗಡಿಯಲ್ಲೇ ಅಂಬೆಗಾಲಿಟ್ಟು ಬೆಳೆದವಳು. ನಾಲ್ಕು ವರ್ಷದವಳಿದ್ದಾಗಲೇ ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಸದ್ದು ಕೇಳುವುದು ಅವಳ ಆಟ. ಬಿಗಿಯಾದ ಕಡ್ಡಿ ಎತ್ತರದ ದನಿಯಲ್ಲಿ ಟಿಣ್ಣೆನ್ನುತ್ತದೆ, ಸಡಿಲವಾದದ್ದು ಮಂಕಾಗಿ ಟೊಣ್ಣೆನ್ನುತ್ತದೆ. ಏಳನೆಯ ವಯಸ್ಸಿಗೆ ಕಣ್ಣು ಮುಚ್ಚಿಕೊಂಡು ಮೀಟಿ, ಮೂವತ್ತಾರರಲ್ಲಿ ಯಾವುದು ಬಿಗಿ, ಯಾವುದು ಸಡಿಲ ಎಂದು ಹೇಳುತ್ತಿದ್ದಳು. ಗಿರಾಕಿಗಳು ಕಣ್ಣುಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅಕ್ಕ ಮಾತ್ರ ಹೆಮ್ಮೆಯನ್ನು ತೋರಿಸಿಕೊಳ್ಳದೆ, ಕೈ ಎಣ್ಣೆಯಾಗುತ್ತೆ, ಹೋಗು ಆಚೆ, ಎಂದು ಗದರುತ್ತಿದ್ದಳು. ಹುಡುಗಿ ದೊಡ್ಡವಳಾಗಿ ಟಪಾಲು ಕಚೇರಿಗೆ ಸೇರಿದಳು. ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಚೀಲವಿಟ್ಟುಕೊಂಡು ಮನೆಮನೆಗೆ ಪತ್ರ ಹಂಚುವ ಕೆಲಸ. ಅವಳ ಸೈಕಲ್ಲಿನ ಎರಡೂ ಚಕ್ರ ಅಮ್ಮನ ಕೈಯಲ್ಲೇ ಕಟ್ಟಿದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಜಗಳವಾಗಿದ್ದು ಒಂದು ಬಾಡಿಗೆ ಕೋಣೆಯ ವಿಷಯಕ್ಕೆ. ಬೆಳಗಿನ ಪಾಳಿಗೆ ಐದೂವರೆಗೆ ಹಾಜರಿರಬೇಕು, ಟಪಾಲು ಕಚೇರಿಯ ಹಿಂದೆಯೇ ಒಂದು ಕೋಣೆ ಸಿಕ್ಕಿದೆ, ಅಲ್ಲಿಗೆ ಹೋಗುತ್ತೇನೆ, ಭಾನುವಾರ ಭಾನುವಾರ ಬರುತ್ತೇನೆ ಎಂದು ಮಗಳು ಹೇಳಿದಳು. ಇದರಲ್ಲಿ ಕೋಪಿಸಿಕೊಳ್ಳುವುದೇನಿದೆ ಎಂದು ನೀವು ಕೇಳಬಹುದು, ಗಂಡನೂ ಅದನ್ನೇ ಕೇಳಿದ. ಅಕ್ಕನಿಗೆ ಆದದ್ದು ನಿಜವಾಗಿ ಕೋಪವಲ್ಲ, ಎದೆ ಧಸಕ್ಕೆಂದಿತ್ತು. ಸಂಜೆ ಆರಕ್ಕೆ ಷಟರಿನ ಹತ್ತಿರ ಸೈಕಲ್ ಗಂಟೆಯ ಸದ್ದು ಇನ್ನು ಮೇಲೆ ಕೇಳುವುದಿಲ್ಲ ಎಂಬುದು ಹೊಳೆದು ದುಃಖವಾಗಿತ್ತು. ಆದರೆ ದುಃಖಕ್ಕೆ ಅವಳ ಬಾಯಲ್ಲಿ ಮಾತಿರಲಿಲ್ಲ, ಕೋಪಕ್ಕೆ ಬೇಕಾದಷ್ಟಿತ್ತು. ಬಾಯಿಗೆ ಬಂದ ಹಾಗೆ ಅಂದಳು. ಈ ಮನೆ ಬೇಡವಾದವಳಿಗೆ ಭಾನುವಾರದ ಊಟವೂ ಬೇಡ ಎಂದಳು. ಮಗಳದೂ ಅದೇ ರಕ್ತವಲ್ಲವೇ, ಅವಳೂ ಸರಿಯಾಗಿಯೇ ತಿರುಗಿಸಿ ಕೊಟ್ಟಳು.

ಮಾರನೆಯ ದಿನವೇ ಅವಳು ಸಾಮಾನು ಸಾಗಿಸುವುದಿತ್ತು. ಸೈಕಲ್ಲಿನ ಮುಂದಿನ ಚಕ್ರ ಸ್ವಲ್ಪ ವಾಲುತ್ತಿತ್ತು. ಮಾತು ಬಿಟ್ಟಿದ್ದರೂ ಮಗಳನ್ನು ವಾಲುವ ಚಕ್ರದ ಮೇಲೆ ಕಳಿಸಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ, ಕಡ್ಡಿಗಳನ್ನು ಬಿಗಿ ಸಡಿಲ ಮಾಡುವ ಬೆರಳುದ್ದದ ಕಡ್ಡಿ ಕೀಲಿಯನ್ನು ಕೈಗೆತ್ತಿಕೊಂಡಳು. ಹಿಂದಿನ ದಿನದ ಮಾತುಗಳೆಲ್ಲ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದವು. ಎಡಕ್ಕೆ ವಾಲಿದಲ್ಲಿ ಬಲಗಡೆ ಬಿಗಿ ಮಾಡಿದಳು, ಬಲಕ್ಕೆ ವಾಲಿದಲ್ಲಿ ಎಡಗಡೆ ಬಿಗಿ ಮಾಡಿದಳು. ಅರ್ಧ ಸುತ್ತು, ಮುಕ್ಕಾಲು ಸುತ್ತು. ಒಂದು ಕಡ್ಡಿಯನ್ನೂ ಸಡಿಲಿಸಲಿಲ್ಲ, ಒಂದು ಸಲವೂ ಕೈ ತೆಗೆದು ನೋಡಲಿಲ್ಲ. ಮುಗಿದಾಗ ಚಕ್ರ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಅಷ್ಟು ನೆಟ್ಟಗಿನ ಚಕ್ರವನ್ನು ತಾನು ಇದುವರೆಗೆ ಮಾಡಿಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಮಗಳು ತುಟಿ ಪಿಟಕ್ಕೆನ್ನದೆ ಅದೇ ಸೈಕಲ್ಲಿನಲ್ಲಿ ಹೋದಳು.

ಮೂರು ವಾರದ ಮೇಲೆ, ತುಂಬಿದ ಚೀಲದೊಂದಿಗೆ ಇಳಿಜಾರಿನಲ್ಲಿ ಬರುವಾಗ ಮುಂದಿನ ಚಕ್ರ ರಸ್ತೆಯ ಗುಂಡಿಗೆ ಬಿತ್ತು. ಚಕ್ರ ಒಣಗಿದ ಎಲೆಯಂತೆ ಮುದುಡಿಕೊಂಡಿತು. ಮಗಳ ಬಲಗೈ ಮಣಿಕಟ್ಟು ಮುರಿಯಿತು, ಆರು ವಾರ ಪಟ್ಟಿ ಹಾಕಿದರು. ಆಸ್ಪತ್ರೆಯಲ್ಲಿ ಅಮ್ಮನನ್ನು ನೋಡಿ ಅವಳು ಮಾತಾಡಿದಳು, ನಕ್ಕಳು, ಜಗಳದ ಸುದ್ದಿಯನ್ನೇ ಎತ್ತಲಿಲ್ಲ. ರಸ್ತೆ ಸರಿ ಇಲ್ಲ ಎಂದು ಎಲ್ಲರೂ ರಸ್ತೆಯನ್ನು ಬೈದರು. ಅಕ್ಕನೂ ಬೈದಳು.

ಆದರೆ ಮುದುಡಿದ ಚಕ್ರ ಅಂಗಡಿಗೆ ಬಂತಲ್ಲ. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಕಡ್ಡಿಗಳು ರಿಮ್ಮಿಗೆ ಸೇರುವ ತೂತುಗಳ ಸುತ್ತ ಕೂದಲೆಳೆಯಷ್ಟು ಬಿರುಕುಗಳಿದ್ದವು. ಒಂಬತ್ತು ಕಡೆ. ಗುಂಡಿ ಅಂಥ ಬಿರುಕು ಮಾಡುವುದಿಲ್ಲ, ಅತಿಯಾಗಿ ಬಿಗಿದ ಕಡ್ಡಿ ಮಾಡುತ್ತದೆ. ಹದವಾದ ಚಕ್ರ ಗುಂಡಿಗೆ ಬಿದ್ದರೆ ಬಳುಕಿ, ವಾಲಿ, ಒಂದೆರಡು ಕಡ್ಡಿ ಮುರಿದುಕೊಂಡಾದರೂ ಸವಾರನನ್ನು ಉಳಿಸುತ್ತದೆ. ಇದಕ್ಕೆ ಬಳುಕಲು ಜಾಗವೇ ಇರಲಿಲ್ಲ. ಅಕ್ಕ ಆ ಚಕ್ರವನ್ನು ಅಂಗಡಿಯ ಮೂಲೆಯ ಮೊಳೆಗೆ ಹಾಕಿ, ಮೇಲೆ ಹಳೆಯ ಟಾರ್ಪಾಲು ಹೊದಿಸಿದಳು.

ಗಂಡನಿಗೆ ಮಾತ್ರ ಹೇಳಿದಳು. ಅವನು ಹೋಗಿ ಗುಂಡಿಯನ್ನು ಅಳೆದುಕೊಂಡು ಬಂದು ಒಂದು ಚಿತ್ರವನ್ನೇ ಬರೆದ. ಆಳ ಒಂದು ಗೇಣು, ಚೀಲದ ಭಾರ ಇಷ್ಟು, ಇಳಿಜಾರು ಇಷ್ಟು, ಆದ್ದರಿಂದ ಚಕ್ರ ಹೇಗಿದ್ದರೂ ಮುದುಡುತ್ತಿತ್ತು, ಆದ್ದರಿಂದ ನಿನ್ನ ತಪ್ಪೆಂದು ಸಾಬೀತಾಗುವುದಿಲ್ಲ, ಆದ್ದರಿಂದ ಹೇಳಬೇಕಾಗಿಯೂ ಇಲ್ಲ. ಪಾಪ, ಅವನು ಹೆಂಡತಿಯ ಮೇಲಿನ ಪ್ರೀತಿಗೇ ಅಷ್ಟೆಲ್ಲ ಲೆಕ್ಕ ಹಾಕಿದ್ದು. ಆ ಚಿತ್ರ ನೋಡಿದಾಗ ಅಕ್ಕನಿಗೆ ಅರ್ಧ ದಿನ ಸಮಾಧಾನವಾಗುತ್ತಿತ್ತು. ಇನ್ನರ್ಧ ದಿನ ಕಡ್ಡಿ ಕೀಲಿಯನ್ನು ಹೊಳೆಗೆಸೆದು, ಮಗಳ ಕಾಲಿಗೆ ಬಿದ್ದು ಗೋಳೋ ಎಂದು ಅತ್ತುಬಿಡೋಣ ಎನಿಸುತ್ತಿತ್ತು. ಲೆಕ್ಕ ಒಂದು ಕಡೆಗೆ ಎಳೆಯಿತು, ಅಳು ಒಂದು ಕಡೆಗೆ. ನಡುವೆ ಸಿಕ್ಕಿಕೊಂಡ ಅಕ್ಕ ಗಿರಾಕಿಗಳ ಮೇಲೆ ಹರಿಹಾಯ್ದಳು.

ಕೈ ವಾಸಿಯಾದ ಮೇಲೆ ಮಗಳು ಭಾನುವಾರ ಊಟಕ್ಕೆ ಬರತೊಡಗಿದಳು. ಎಲ್ಲ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು. ಸೈಕಲ್ಲನ್ನು ಅವಳು ಅಮ್ಮನ ಅಂಗಡಿಗೆ ತರುತ್ತಿರಲಿಲ್ಲ. ಹಿಂದಿನ ಬೀದಿಯ ಎಣ್ಣೆ ಮೇಸ್ತ್ರಿಯ ಹತ್ತಿರ ಒಯ್ಯುತ್ತಿದ್ದಳು. ಯಾವ ಕಾಯಿಲೆಗೂ ಎಣ್ಣೆಯೇ ಮದ್ದೆಂದು ನಂಬಿದ್ದ ಮನುಷ್ಯ ಅವನು. ಒಂದು ಭಾನುವಾರ ಬಾಗಿಲಲ್ಲಿ ನಿಂತ ಮಗಳ ಸೈಕಲ್ಲಿನ ರಿಮ್ಮಿನ ಮೇಲೆ, ಬ್ರೇಕು ಹಿಡಿಯುವ ಜಾಗದಲ್ಲಿ, ಎಣ್ಣೆ ಹೊಳೆಯುತ್ತಿರುವುದನ್ನು ಅಕ್ಕ ಕಂಡಳು. ಎರಡು ಕಿವಿಗಳೂ ಒಟ್ಟಿಗೇ ಕೆಂಪಾದವು. ಸ್ವಂತ ಮಗಳು ತನ್ನ ಕೈಯನ್ನು ನಂಬುತ್ತಿಲ್ಲ, ಅವಳಿಗೆ ಎಲ್ಲ ಗೊತ್ತಾಗಿದೆ, ಅಥವಾ ಗೊತ್ತಾಗಿಲ್ಲ. ಯಾವುದೆಂದು ಕೇಳುವ ಧೈರ್ಯ ಬರಲಿಲ್ಲ. ಅಂದು ಊಟದ ತಟ್ಟೆಯನ್ನು ಅವಳು ಇಟ್ಟ ರಭಸಕ್ಕೆ ಅದರ ಅಂಚು ಸೀಳಿತು.

ಗ್ರಂಥಾಲಯದ ಸೂಚನಾ ಫಲಕದಿಂದ ಗಂಡ ಒಂದು ಚೀಟಿ ಬರೆದುಕೊಂಡು ಬಂದದ್ದು ಅದರ ಮರುದಿನ. ಹಿಂದಿನ ಕೋಣೆಯಲ್ಲಿ ಎಂಟು ಗುರುವಾರ, ಸಂಜೆ ಐದರಿಂದ ಆರು, ಮನಸ್ಸನ್ನು ಹತೋಟಿಯಲ್ಲಿಟ್ಟುಕೊಳ್ಳುವ ಅಭ್ಯಾಸ. ಅಕ್ಕ ಕೆಂಡಾಮಂಡಲವಾದಳು. ನನಗೇನು ಹುಚ್ಚಾ ಎಂದಳು. ಗಂಡ ತಣ್ಣಗೆ, ಈ ತಿಂಗಳು ನೀನು ಹನ್ನೊಂದು ಸಲ ಷಟರನ್ನು ಒದ್ದಿದ್ದೀ, ಹೋದ ತಿಂಗಳು ನಾಲ್ಕು ಸಲ ಎಂದ. ಇದನ್ನೆಲ್ಲ ಎಣಿಸುತ್ತಿದ್ದಾನೆ ಎಂಬ ಕೋಪಕ್ಕೆ ಹನ್ನೆರಡನೆಯ ಸಲ ಒದ್ದು, ಗುರುವಾರ ಹೋದಳು.

ಕೋಣೆಯಲ್ಲಿ ಏಳು ಮಂದಿ ಇದ್ದರು. ಒಬ್ಬ ಬಸ್ಸಿನ ಕಂಡಕ್ಟರು, ಒಬ್ಬಳು ಬೇಕರಿಯವಳು, ಮಾತು ಮಾತಿಗೂ ಕಣ್ಣೀರು ತರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು, ಹೀಗೆ. ಕಲಿಸುವವಳು ದಪ್ಪ ಕನ್ನಡಕದ, ತೆಳ್ಳಗಿನ ಮೇಡಂ. ಮೊದಲ ದಿನ ಅವಳು ಹೇಳಿಕೊಟ್ಟದ್ದು ಇಷ್ಟೇ. ಜೇಬಿನಲ್ಲಿರುವ ಒಂದು ವಸ್ತುವನ್ನು ಅಂಗೈಯಲ್ಲಿಟ್ಟುಕೊಳ್ಳಿ, ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಒಳ್ಳೆಯದು ಕೆಟ್ಟದು ಎಂದು ಸೇರಿಸಬೇಡಿ. ಅಕ್ಕನ ಜೇಬಿನಲ್ಲಿದ್ದದ್ದು ಒಂದು ಮುರಿದ ಕಡ್ಡಿ. ಉದ್ದ ಒಂದು ಗೇಣು, ತಣ್ಣಗಿದೆ, ಒಂದು ತುದಿ ಬಾಗಿದೆ ಎಂದಳು. ಆಮೇಲೆ ತಡೆಯಲಾರದೆ, ಹಾಳಾದವನು ಯಾವನೋ ಕಳಪೆ ಕಬ್ಬಿಣ ಹಾಕಿದ್ದಾನೆ ಎಂದಳು. ಮೇಡಂ ನಕ್ಕು, ಕೊನೆಯದು ಕಡ್ಡಿಯಲ್ಲಿಲ್ಲ, ನಿಮ್ಮಲ್ಲಿದೆ ಎಂದಳು.

ಎರಡನೆಯ ಗುರುವಾರ ಮೇಡಂ ಹಲಗೆಯ ಮೇಲೆ ಒಂದರ ಮೇಲೊಂದು ಅರ್ಧ ಬರುವಂತೆ ಎರಡು ವೃತ್ತ ಬರೆದಳು. ಒಂದು ಕುದಿಯುವ ಮನಸ್ಸು, ಇನ್ನೊಂದು ಲೆಕ್ಕ ಹಾಕುವ ಮನಸ್ಸು. ಕುದಿಯುವುದನ್ನು ಕೊಂದರೆ ಒಳ್ಳೆಯದಾಗುತ್ತದೆ ಎಂದುಕೊಳ್ಳಬೇಡಿ, ಅದಕ್ಕೂ ಹೇಳುವುದಿರುತ್ತದೆ, ಲೆಕ್ಕ ಹಾಕುವುದಕ್ಕೂ ಹೇಳುವುದಿರುತ್ತದೆ, ಎರಡನ್ನೂ ಕೇಳಿಸಿಕೊಂಡು ನಡುವೆ ನಿಲ್ಲುವುದೊಂದಿದೆ, ಅದು ಬಲ್ಲ ಮನಸ್ಸು ಎಂದಳು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅಕ್ಕ ಹಲಗೆಯನ್ನೇ ನೋಡುತ್ತ ಕುಳಿತಳು. ಎಡಗಡೆಯ ಕಡ್ಡಿಗಳು, ಬಲಗಡೆಯ ಕಡ್ಡಿಗಳು, ನಡುವೆ ರಿಮ್ಮು. ಮಾವ ಇದನ್ನು ಸ್ಟ್ಯಾಂಡಿನ ಮುಂದೆ ನಿಲ್ಲಿಸಿ ಹೇಳಿಕೊಟ್ಟಿದ್ದ, ಇವಳು ಕುರ್ಚಿಯಲ್ಲಿ ಕೂರಿಸಿ ಹೇಳಿಕೊಡುತ್ತಿದ್ದಾಳೆ. ಕೋಪ ಬಂದಾಗ ಮಾಡಬೇಕಾದದ್ದೂ ಹೆಚ್ಚು ಕಡಿಮೆ ಅದೇ. ನಿಲ್ಲು, ಕೈ ತೆಗೆ, ಮೈಯಲ್ಲಿ ಏನಾಗುತ್ತಿದೆ ನೋಡು, ಅದಕ್ಕೆ ಹೆಸರಿಡು, ಆಮೇಲೆ ಚಿಕ್ಕದಾಗಿ ಏನಾದರೂ ಮಾಡು. ಮೂವತ್ತು ವರ್ಷ ಚಕ್ರದ ಮುಂದೆ ಮಾಡಿದ್ದನ್ನು ಮನುಷ್ಯರ ಮುಂದೆ ಮಾಡಬೇಕೆಂದು ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಹೊಳೆಯುವುದು ಬೇರೆ, ರೂಢಿಯಾಗುವುದು ಬೇರೆ. ಆ ವಾರ ಒಬ್ಬ ಗಿರಾಕಿ ಬೆಂಡಾದ ಚಕ್ರಕ್ಕೆ ತಾನೇ ಸುತ್ತಿಗೆಯಿಂದ ನಾಲ್ಕು ಬಾರಿಸಿ ಇನ್ನಷ್ಟು ಕೆಡಿಸಿ ತಂದ. ಅಕ್ಕ ಪಾಠವನ್ನು ನೆನೆದು, ಕಣ್ಣು ಮುಚ್ಚಿ, ಗಟ್ಟಿಯಾಗಿ, ನನಗೀಗ ಕೋಪ ಬರ್ತಿದೆ, ಬಲಗಿವಿ ಬಿಸಿಯಾಗಿದೆ, ಎಡಗಿವಿ ಆಗ್ತಾ ಇದೆ, ಎಂದಳು. ಕಣ್ಣು ಬಿಟ್ಟಾಗ ಚಕ್ರ ಮಾತ್ರ ಇತ್ತು. ಆ ಗಿರಾಕಿ ಮೂರು ದಿನ ಬಿಟ್ಟು ಹೆಂಡತಿಯನ್ನು ಕಳಿಸಿ ಚಕ್ರ ತರಿಸಿಕೊಂಡ. ಆಮೇಲಾಮೇಲೆ ಅಕ್ಕ ಮನಸ್ಸಿನಲ್ಲೇ ಹೇಳಿಕೊಳ್ಳುವುದನ್ನು ಕಲಿತಳು. ಪಾತ್ರೆ ತೊಳೆಯುವಾಗ ಪಾತ್ರೆಯನ್ನೇ ತೊಳೆಯುವುದನ್ನು, ಹಿಂದಿನ ತಿಂಗಳ ಜಗಳವನ್ನು ತೊಳೆಯದಿರುವುದನ್ನು ಕಲಿತಳು. ಆರನೆಯ ಗುರುವಾರದ ಹೊತ್ತಿಗೆ ಷಟರಿಗೆ ಒದೆ ನಿಂತಿತ್ತು. ಗಂಡ ಎಣಿಸುವುದಕ್ಕೇನೂ ಸಿಗದೆ ಸ್ವಲ್ಪ ಬೇಸರದಲ್ಲಿದ್ದ ಹಾಗೆ ಕಂಡ.

ಟಾರ್ಪಾಲಿನ ಕೆಳಗಿನ ಚಕ್ರ ಮಾತ್ರ ಅಲ್ಲೇ ಇತ್ತು. ಏಳನೆಯ ಗುರುವಾರ ಎಲ್ಲರೂ ಹೋದ ಮೇಲೆ ಅಕ್ಕ ಮೇಡಂಗೆ ಅದರ ಕಥೆ ಹೇಳಿದಳು. ಮಗಳಿಗೆ ಹೇಳಿಬಿಡಿ ಎನ್ನುತ್ತಾಳೆ ಎಂದುಕೊಂಡಿದ್ದಳು, ಇಲ್ಲವೇ ಬಿಡಿ, ಆದದ್ದಾಯಿತು ಎನ್ನುತ್ತಾಳೆ ಎಂದು. ಮೇಡಂ ಎರಡನ್ನೂ ಹೇಳಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಒಂದು ಪ್ರಶ್ನೆ ಕೇಳಿದಳು.

“ಹೇಳಿದ್ರೆ ಯಾರಿಗೋಸ್ಕರ ಹೇಳ್ತೀರಿ? ನಿಮ್ಮ ಎದೆ ಹಗುರ ಆಗೋದಕ್ಕಾ, ಅವಳಿಗೆ ಗೊತ್ತಿರಬೇಕು ಅಂತಾನಾ?”

ಆ ಪ್ರಶ್ನೆಯನ್ನು ಅಕ್ಕ ಹತ್ತು ದಿನ ಹೊತ್ತುಕೊಂಡು ತಿರುಗಿದಳು. ಅಳುತ್ತ ಹೇಳಿದರೆ ಮಗಳು ತನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ, ಮುರಿದದ್ದು ಅವಳ ಕೈ. ಗಂಡನ ಚಿತ್ರ ಹಿಡಿದುಕೊಂಡು ಹೇಳಿದರೆ ಅದು ಹೇಳಿದ ಹಾಗೆಯೇ ಅಲ್ಲ. ದಿನಾ ಆ ಸೈಕಲ್ ಹತ್ತಿ ಇಳಿಜಾರು ಇಳಿಯುವವಳಿಗೆ ಆ ಚಕ್ರ ಯಾಕೆ ಮುದುಡಿತು ಎಂದು ಗೊತ್ತಿರಬೇಕು. ಗೊತ್ತಾದ ಮೇಲೆ ಅವಳು ತನ್ನ ಕೈಗೆ ಇನ್ನು ಯಾವತ್ತೂ ಚಕ್ರ ಕೊಡದಿರಬಹುದು, ಭಾನುವಾರ ಬರುವುದನ್ನೂ ಬಿಡಬಹುದು. ಅದನ್ನು ನೆನೆದಾಗೆಲ್ಲ ಅಕ್ಕನಿಗೆ ಅಳುಕಾಗುತ್ತಿತ್ತು. ಅಳುಕು ಇದೆ ಎಂದುಕೊಂಡು ಮುಂದಿನ ಕೆಲಸ ಮಾಡುತ್ತಿದ್ದಳು.

ಎಂಟು ಗುರುವಾರವೂ ಮುಗಿದ ಮೇಲಿನ ಭಾನುವಾರ ಮಗಳು ಬಂದಾಗ ಸೈಕಲ್ಲಿನ ಮುಂದಿನ ಚಕ್ರ ವಾಲುತ್ತಿತ್ತು. ಎಣ್ಣೆ ಮೇಸ್ತ್ರಿ ಊರಲ್ಲಿರಲಿಲ್ಲ, ಮರುದಿನ ಬೆಳಗಿನ ಪಾಳಿ. ಅವಳು ಅಪ್ಪನನ್ನು ಕೂಗಿ, ಮನೆಯಲ್ಲಿ ಕಡ್ಡಿ ಕೀಲಿ ಇದೆಯಾ, ನಾನೇ ಮಾಡ್ಕೋತೀನಿ ಎಂದಳು. ಅಕ್ಕ ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದು, ಅಂಗಡಿ ತೆಗೀತೀನಿ, ತಗೊಂಡು ಬಾ ಎಂದಳು. ಮಗಳು ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಆಮೇಲೆ ಸೈಕಲ್ ತಳ್ಳಿಕೊಂಡು ಹಿಂದೆ ಬಂದಳು.

ಮಧ್ಯಾಹ್ನದ ಬಿಸಿಲು ಷಟರಿನಿಂದ ಒಳಗೆ ಅರ್ಧದವರೆಗೆ ಬಂದಿತ್ತು. ಅಕ್ಕ ಚಕ್ರ ಬಿಚ್ಚಿ ಸ್ಟ್ಯಾಂಡಿಗೆ ಹಾಕಿದಳು. ಕೀಲಿ ಕೈಗೆತ್ತಿಕೊಂಡವಳು ಅದನ್ನು ಕೆಳಗಿಟ್ಟು, ಮೂಲೆಗೆ ಹೋಗಿ ಟಾರ್ಪಾಲು ಸರಿಸಿ ಮುದುಡಿದ ಚಕ್ರವನ್ನು ತಂದು ಮಗಳ ಮುಂದೆ ಕಟ್ಟೆಯ ಮೇಲಿಟ್ಟಳು. ಅಷ್ಟು ಹೊತ್ತಿಗೆ ಗಂಡನೂ ಹಿಂದೆಯೇ ಬಂದಿದ್ದ, ಕಂಕುಳಲ್ಲಿ ಸುರುಳಿ ಸುತ್ತಿದ ಆ ಚಿತ್ರ. ಗುಂಡಿಯ ಆಳ, ಎಂದು ಅವನು ಬಾಯಿ ತೆರೆದ. ಅಕ್ಕ ಅವನತ್ತ ಅಂಗೈ ತೋರಿಸಿದಳು, ಅವನು ಬಾಯಿ ಮುಚ್ಚಿದ.

ಹೇಳಲು ಅಳುಕಿದೆ ಎಂದುಕೊಂಡಳು. ಚಪ್ಪಲಿಯ ಕೆಳಗೆ ನೆಲ ಗಟ್ಟಿಯಾಗಿತ್ತು.

“ನೀನು ಮನೆ ಬಿಟ್ಟು ಹೋದ ಬೆಳಿಗ್ಗೆ ಈ ಚಕ್ರ ನಾನು ಕೋಪದಲ್ಲಿ ಮಾಡ್ದೆ. ಎರಡೂ ಕಡೆ ಬಿಗಿ ಮಾಡ್ತಾನೇ ಹೋದೆ, ಬಿಟ್ಟು ನೋಡ್ಲಿಲ್ಲ. ಇಲ್ಲಿ ನೋಡು, ಬಿರುಕು. ಗುಂಡಿ ಇದ್ದಿದ್ದು ನಿಜ. ಆದ್ರೆ ಚಕ್ರ ಸರಿಯಾಗಿದ್ದಿದ್ರೆ ಇಷ್ಟಾಗ್ತಿರ್ಲಿಲ್ಲ. ನಿನ್ನ ಕೈ ಮುರಿದಿದ್ದು ನನ್ನಿಂದ.”

ಅಷ್ಟೇ ಹೇಳಿ ನಿಲ್ಲಿಸಿದಳು. ಇನ್ನೂ ಹತ್ತು ಮಾತು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಕ್ಷಮಿಸು ಎಂಬುದು ಒಂದು, ನೀನು ಹೋಗಿದ್ದಕ್ಕೇ ಅಲ್ಲವಾ ಎಂಬುದು ಇನ್ನೊಂದು. ಎಲ್ಲವನ್ನೂ ತಡೆದಳು. ಜೀವನದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದು ಎಂಬುದು ನನ್ನ ಅನಿಸಿಕೆ.

ಮಗಳು ಬಿರುಕುಗಳನ್ನು ಹೆಬ್ಬೆರಳಿನಿಂದ ಸವರಿದಳು. ಇನ್ನೂ ಮುರಿಯದೆ ಉಳಿದಿದ್ದ ಒಂದು ಕಡ್ಡಿಯನ್ನು ಮೀಟಿದಳು. ಅದು ಎತ್ತರದ ದನಿಯಲ್ಲಿ ಟಿಣ್ಣೆಂದಿತು.

“ನಂಗೆ ಗೊತ್ತಿತ್ತಮ್ಮ. ಆವತ್ತೇ ಗೇಟಿನ ಹತ್ರ ಮೀಟಿ ನೋಡ್ದೆ. ಕಿವಿಗೆ ಚುಚ್ಚೋ ಹಾಗಿತ್ತು. ವಾಪಸ್ ಬಂದು ಒಂದು ಮಾತು ಹೇಳಿದ್ರೆ ನೀನು ಸಡಿಲ ಮಾಡಿ ಕೊಡ್ತಿದ್ದೆ. ನಿನ್ನ ಹತ್ರ ಮಾತಾಡಬಾರ್ದು ಅಂತ ಹಟ ನಂಗೆ. ಮೂರು ವಾರ ದಿನಾ ಕೇಳಿಸ್ಕೊಂಡೇ ಓಡಿಸ್ದೆ.”

ಮತ್ತೆ ಎಣ್ಣೆ ಮೇಸ್ತ್ರಿಯ ಹತ್ತಿರ ಯಾಕೆ ಹೋಗುತ್ತಿದ್ದೆ ಎಂದು ಕೇಳಿದ್ದು ಅಪ್ಪ. ಮಗಳು ತಲೆ ತಗ್ಗಿಸಿ ಹೇಳಿದಳು, ಚಕ್ರ ಅಮ್ಮನ ಕೈಗೆ ಕೊಟ್ಟರೆ ಅಮ್ಮ ಎಲ್ಲ ಹೇಳಿಬಿಡುತ್ತಾಳೆ ಎಂದು ಭಯವಾಗಿತ್ತು, ಅಮ್ಮ ಹೇಳಿದ ಮೇಲೆ ತಾನೂ ಹೇಳಬೇಕಾಗುತ್ತಿತ್ತು.

ಈಗ ಬಂತು ನೋಡಿ ಅಕ್ಕನಿಗೆ ನಿಜವಾದ ಪರೀಕ್ಷೆ. ತನ್ನ ತಪ್ಪನ್ನು ಒಪ್ಪಿಕೊಳ್ಳುವಷ್ಟು ಹೊತ್ತು ಅವಳು ತಣ್ಣಗಿದ್ದಳು. ಆದರೆ ಈ ಹುಡುಗಿ, ಗೊತ್ತಿದ್ದೂ, ಕೇಳಿಸಿಕೊಂಡೂ, ಮೂರು ವಾರ ಇಳಿಜಾರಿನಲ್ಲಿ ಆ ಚಕ್ರದ ಮೇಲೆ ಹೋದಳೇ? ಕೈ ಹೋಗುವ ಬದಲು ತಲೆ ಹೋಗಿದ್ದರೆ? ಬಲಗಿವಿ ಕೆಂಪಾಯಿತು, ಎಡಗಿವಿ ಕೆಂಪಾಯಿತು. ಗಂಡ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದ. ಅಕ್ಕ ಸ್ಟ್ಯಾಂಡಿನ ಕಡೆ ತಿರುಗಿದಳು. ಕೀಲಿ ತೆಗೆದುಕೊಂಡು ಒಂದು ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ, ಕೈ ತೆಗೆದು, ಚಕ್ರವನ್ನು ಬಿಟ್ಟು ನೋಡಿದಳು. ಚಕ್ರ ತಿರುಗಿ ತಿರುಗಿ ನಿಧಾನವಾಗಿ ನಿಂತಿತು. ಕೋಪದ ಅಡಿಯಲ್ಲಿ ಭಯ ಕುಳಿತಿರುವುದು ಅಷ್ಟರಲ್ಲಿ ಅವಳಿಗೆ ಕಂಡಿತು.

“ನಂಗೀಗ ಕೋಪ ಬರ್ತಿದೆ,” ಎಂದಳು. “ಭಯಾನೂ ಆಗ್ತಿದೆ. ನಿಂಗೇನಾದ್ರೂ ಆಗಿದ್ರೆ ಅಂತ.”

“ಕಿವಿ ನೋಡಿದ್ರೆ ಗೊತ್ತಾಗತ್ತೆ,” ಎಂದಳು ಮಗಳು.

ಮೊದಲು ನಕ್ಕದ್ದು ಗಂಡ. ಅವನು ನಕ್ಕದ್ದನ್ನು ಇಬ್ಬರೂ ಅಪರೂಪಕ್ಕೆ ನೋಡಿದ್ದರು, ಅದಕ್ಕೇ ಅವರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅಕ್ಕನ ಕಣ್ಣಲ್ಲಿ ನೀರು ಬಂತು. ಮಗಳಿಗೂ ಬಂತು. ಯಾರೂ ಯಾರನ್ನೂ ಸಮಾಧಾನ ಮಾಡಲು ಹೋಗಲಿಲ್ಲ, ಒರೆಸಿಕೊಂಡರು.

ಆಮೇಲೆ ಇಬ್ಬರೂ ಸೇರಿ ಚಕ್ರ ಮಾಡಿದರು. ಮೊದಲು ಎಣ್ಣೆ ಮೇಸ್ತ್ರಿಯ ಎಣ್ಣೆಯನ್ನೆಲ್ಲ ಒರೆಸಬೇಕಾಯಿತು, ಅದಕ್ಕೇ ಎರಡು ಬಟ್ಟೆ ಹಾಳಾದವು. ಆ ಬಗ್ಗೆ ಅಕ್ಕ ಅಂದ ನಾಲ್ಕು ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ, ಎಂಟು ಗುರುವಾರದಲ್ಲಿ ಯಾರೂ ಪೂರ್ತಿ ಬದಲಾಗುವುದಿಲ್ಲ. ಮಗಳು ಕಣ್ಣು ಮುಚ್ಚಿಕೊಂಡು ಮೀಟಿದಳು, ಅಕ್ಕ ತಿರುಗಿಸಿದಳು. ಒಂದು ಕಡೆ ಬಿಗಿ ಮಾಡಿದಾಗ ಇನ್ನೊಂದು ಕಡೆ ಸಡಿಲಿಸಿದಳು. ಪ್ರತಿ ಸಲವೂ ಚಕ್ರವನ್ನು ಬಿಟ್ಟು ನೋಡಿದರು. ಗಂಡ ತನ್ನ ಚಿತ್ರದ ಸುರುಳಿಯನ್ನು ಬಿಚ್ಚಿ ಮುದುಡಿದ ಚಕ್ರದ ಕೆಳಗೆ ಹಾಸಿದ, ಕಟ್ಟೆಗೆ ಗೀರು ಬೀಳಬಾರದಲ್ಲ.

ಐದಕ್ಕೆ ಮಗಳು ಹೊರಟಳು. ಅಕ್ಕ ಷಟರು ಎಳೆದು, ಬೀಗ ಹಾಕಿ, ಬೀದಿಯ ತಿರುವಿನವರೆಗೆ ಸೈಕಲ್ ಹೋಗುವುದನ್ನು ನೋಡುತ್ತ ನಿಂತಳು. ಎದೆಯಲ್ಲಿ ಖಾಲಿ ಖಾಲಿ ಅನಿಸಿತು. ಹೋಗುತ್ತಿದ್ದಾಳೆ, ದುಃಖ ಇದೆ, ಚೆನ್ನಾಗಿದ್ದಾಳೆ, ಸಂತೋಷವೂ ಇದೆ ಎಂದುಕೊಂಡಳು. ತಿರುವಿನಲ್ಲಿ ಮಗಳು ಸೈಕಲ್ ನಿಲ್ಲಿಸಿ, ಇಳಿದು, ಬಗ್ಗಿ ಮುಂದಿನ ಚಕ್ರವನ್ನು ಮೀಟಿದ್ದು ಕಂಡಿತು. ಒಂದು ಸಲ ಮೀಟಿದಳು, ಇನ್ನೊಂದು ಸಲ ಮೀಟಿದಳು. ಆಮೇಲೆ ಸೈಕಲ್ ತಿರುಗಿಸಿಕೊಂಡು ಅಷ್ಟು ದೂರವನ್ನೂ ತಳ್ಳುತ್ತ ವಾಪಸ್ ಬಂದಳು.

“ಅಮ್ಮ, ಒಂದು ಕಡ್ಡಿ ಇನ್ನೂ ಬಿಗಿ ಕೇಳಿಸ್ತಿದೆ.”

ಅಕ್ಕ ಬೀಗ ತೆಗೆದು, ಷಟರು ಎತ್ತಿ, ಕಡ್ಡಿ ಕೀಲಿ ತರಲು ಒಳಗೆ ಹೋದಳು.